‘ಸ್ಥಳೀಯ ಅಭ್ಯರ್ಥಿ’ ಎಂಬ ಶಬ್ದ: 2024ರ ಉದ್ಯೋಗ ಮಸೂದೆಯ ವಿಮರ್ಶೆ

ಕಲ್ಲಿನ ಮೇಲಣ ಶಾಸನಗಳ ಒಂದೊಂದು ಅಕ್ಷರವನ್ನೂ ತೂಗಿ ನೋಡುವ ಪದ್ಧತಿಯು ಕನ್ನಡ ವಿದ್ವಾಂಸರಲ್ಲಿ ಬಹುಕಾಲದಿಂದ ನೆಲೆಗೊಂಡಿರುವುದು. ಒಂದು ದತ್ತಿಯ ಸೀಮೆಯು ಯಾವ ಹಳ್ಳದಿಂದ ಯಾವ ದಿಣ್ಣೆಯವರೆಗೆ ಎಂಬುದನ್ನು ನಿರ್ಣಯಿಸಲು ಅವರು ಪಡುವ ಶ್ರಮವು ಸಾಮಾನ್ಯವಾದುದಲ್ಲ. ಆದರೆ ಸರಕಾರಗಳು ಕಾಗದದ ಮೇಲೆ ಬರೆಯುವ ಶಾಸನಗಳು ಮಾತ್ರ ವಕೀಲರ ಪಾಲಿಗೂ ವೃತ್ತಪತ್ರಗಳ ಪಾಲಿಗೂ ಬಿಟ್ಟುಹೋಗಿರುವುವು. ಸೀಮೆಯನ್ನು ಗೊತ್ತುಪಡಿಸುವ ಕೆಲಸವು ಇವುಗಳಲ್ಲಿಯೂ ನಡೆಯುತ್ತಿರುವುದು. ಭೇದವಿಷ್ಟೆ, ಆ ಶಾಸನಗಳು ಭೂಮಿಯ ಸೀಮೆಯನ್ನು ಹೇಳಿದರೆ ಇವು ಮನುಷ್ಯನ ಸೀಮೆಯನ್ನು ಹೇಳುವುವು. ಯಾರು ಒಳಗಿನವರು, ಯಾರು ಹೊರಗಿನವರು, ಯಾರಿಗೆ ಯಾವ ಅನ್ನದ ದಾರಿ ತೆರೆದಿರುವುದು ಎಂಬುದೆಲ್ಲವೂ ಎರಡು ಮೂರು ಶಬ್ದಗಳ ಅರ್ಥವನ್ನು ಅವಲಂಬಿಸಿರುವುದು. ಆದುದರಿಂದ ಇಂಥ ಬರಹಗಳು ವಿಮರ್ಶೆಗೆ ಅರ್ಹವಾದುವೆಂದು ಹೇಳಿದರೆ ತಪ್ಪಾಗಲಾರದು.

ಪ್ರಕೃತ ವಿಚಾರಕ್ಕೆ ತೆಗೆದುಕೊಂಡಿರುವುದು ಕೈಗಾರಿಕೆಗಳು, ಕಾರ್ಖಾನೆಗಳು ಮತ್ತು ಇತರ ಸಂಸ್ಥೆಗಳಲ್ಲಿ ಸ್ಥಳೀಯ ಅಭ್ಯರ್ಥಿಗಳಿಗೆ ಉದ್ಯೋಗ ಕೊಡುವುದಕ್ಕೆ ಸಂಬಂಧಿಸಿದ 2024ರ ಕರ್ನಾಟಕ ಮಸೂದೆ. ಇದನ್ನು ರಾಜ್ಯದ ಮಂತ್ರಿಮಂಡಲವು ಆ ವರ್ಷದ ಜುಲೈ 15ರಂದು ಒಪ್ಪಿತು. ಜುಲೈ 17ರಂದು, ಉದ್ಯಮಪತಿಗಳ ಆಕ್ಷೇಪಣೆಯು ಬಲವಾಗಲು, ತಡೆಹಿಡಿಯಿತು. ಮೂರು ದಿನಗಳ ಆಯುಸ್ಸೂ ಸರಿಯಾಗಿ ಇಲ್ಲದ ಈ ಬರಹದ ಮೇಲೆ ವಾದವಿವಾದಗಳು ಧಾರಾಳವಾಗಿ ನಡೆದುವು. ಆದರೆ ಅವೆಲ್ಲವೂ ಅದರ ಅಂಕೆಗಳ ಸುತ್ತಲೇ ಸುತ್ತಿದುವಲ್ಲದೆ ಅದರ ವಾಕ್ಯಗಳನ್ನು ಹೊಕ್ಕುನೋಡಿದುವು ವಿರಳ.

ಮಸೂದೆಯ ಮುಖ್ಯಾಂಶಗಳು ಹೀಗಿರುವುವು. ಆಡಳಿತವರ್ಗದ ಹುದ್ದೆಗಳಲ್ಲಿ ನೂರಕ್ಕೆ 50ನ್ನೂ ಇತರ ಹುದ್ದೆಗಳಲ್ಲಿ ನೂರಕ್ಕೆ 70ನ್ನೂ ಖಾಸಗಿ ಸಂಸ್ಥೆಗಳು ಸ್ಥಳೀಯ ಅಭ್ಯರ್ಥಿಗಳಿಗೆ ಕೊಡತಕ್ಕದ್ದು. ಸ್ಥಳೀಯ ಅಭ್ಯರ್ಥಿಯೆಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷಗಳ ವಾಸವುಳ್ಳವನಾಗಿ, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವನು. ಪ್ರೌಢಶಾಲೆಯ ಅಂತಿಮ ಪರೀಕ್ಷೆಯಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಓದಿರದವನು ಬೇರೊಂದು ಕನ್ನಡ ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದು. ಅರ್ಹರು ದೊರೆಯದಿದ್ದಲ್ಲಿ ಸಂಸ್ಥೆಯು ಸರಕಾರದ ಸಹಕಾರದೊಡನೆ ಮೂರು ವರ್ಷಗಳೊಳಗೆ ಸ್ಥಳೀಯರಿಗೆ ತರಬೇತು ಕೊಡಲು ಕ್ರಮಗಳನ್ನು ಕೈಕೊಳ್ಳಬೇಕು. ಅಷ್ಟರಮೇಲೂ ಸಾಲದಿದ್ದರೆ ಸಡಿಲಿಕೆಯನ್ನು ಬೇಡಬಹುದು. ಆದರೆ ಅದು ಕ್ರಮವಾಗಿ 25 ಮತ್ತು 50ಕ್ಕೆ ಕಡಮೆಯಾಗಕೂಡದು. ತಪ್ಪಿದವರಿಗೆ 10,000ದಿಂದ 25,000 ರೂಪಾಯಿಗಳವರೆಗೆ ದಂಡ.

ಈ ವಾಕ್ಯಗಳನ್ನು ಬೆಂಗಳೂರಿನಲ್ಲಿ ಕುಳಿತು ಓದುವುದು ಒಂದು ಬಗೆ. ರಾಜ್ಯದ ಉತ್ತರದ ತುದಿಯಲ್ಲಿ, ಬೀದರ ಜಿಲ್ಲೆಯ ಭಾಲ್ಕಿ ತಾಲೂಕಿನ ಭಾತಂಬ್ರಾದಂಥ ಗ್ರಾಮದಲ್ಲಿ ನಿಂತು ಓದುವುದು ಇನ್ನೊಂದು ಬಗೆ. ಆ ಸೀಮೆಯು ತೊಗರಿ, ಉದ್ದು, ಸೋಯಾ, ಕಬ್ಬುಗಳ ಸೀಮೆ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಸೀಮೆ. ಮಳೆ ಕೈಕೊಟ್ಟ ವರ್ಷ ಅಲ್ಲಿಯ ತರುಣರು ದುಡಿಮೆಗೆಂದು ಹೊರಡುವುದು ಹೈದರಾಬಾದಿನ ಕಡೆಗೆ, ಇಲ್ಲವೆ ಪುಣೆ ಮುಂಬಯಿಗಳ ಕಡೆಗೆ. ಬೀದರದಿಂದ ಹೈದರಾಬಾದು ಸುಮಾರು 140 ಕಿಲೋಮೀಟರು. ಬೆಂಗಳೂರು ಸುಮಾರು 700. ಖಾಸಗಿ ಉದ್ಯಮದ ರಾಶಿಯು ಬೆಂಗಳೂರಿನ ಸುತ್ತಣದು. ಮಸೂದೆಯು ಅತ್ಯಂತ ನಿಷ್ಠೆಯಿಂದ ಆಚರಣೆಗೆ ಬಂದರೂ ಅದರ ಫಲವು ಎಲ್ಲಿ ಹಣ್ಣಾಗುವುದು, ಭಾತಂಬ್ರಾದವನ ಕೈಗೆ ಎಷ್ಟು ಎಟಕುವುದು ಎಂಬುದೇ ಈ ವಿಮರ್ಶೆಯ ಮುಖ್ಯ ಪ್ರಶ್ನೆ.

ಇದಕ್ಕೆ ಉತ್ತರವನ್ನು ಹುಡುಕುವವರಿಗೆ ಆ ಸೀಮೆಯ ಚರಿತ್ರೆಯೇ ಒಳ್ಳೆಯ ಭಾಷ್ಯವಾಗಿರುವುದು. ‘ಒಳಗಿನವರಿಗೆ ಕೆಲಸ’ ಎಂಬ ತತ್ತ್ವವು ಬೀದರಕ್ಕೆ ಹೊಸದಲ್ಲ. ಅದು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಸೇರಿದ್ದಾಗ, 1919ರ ಫರ್ಮಾನಿನಿಂದ ಮುಲ್ಕಿ ನಿಯಮಗಳು ಜಾರಿಗೆ ಬಂದುವು. ಮುಲ್ಕ್ ಎಂದರೆ ನಾಡು, ಮುಲ್ಕಿಯೆಂದರೆ ನಾಡಿಗನು. ಸಂಸ್ಥಾನದ ನೌಕರಿಗೆ ಮುಲ್ಕಿಯಾಗಿರಬೇಕು. ಹೊರಗಿನಿಂದ ಬಂದವನು ಮುಲ್ಕಿಯೆನಿಸಿಕೊಳ್ಳಲು 15 ವರ್ಷ ಅಲ್ಲಿ ನೆಲೆಸಿ, ತನ್ನ ಹುಟ್ಟೂರಿಗೆ ಮರಳುವ ಆಲೋಚನೆಯನ್ನು ಬಿಟ್ಟಿರುವೆನೆಂದು ಪ್ರಮಾಣಪತ್ರವನ್ನು ಬರೆದುಕೊಡಬೇಕು. 2024ರ ಮಸೂದೆಯಲ್ಲಿರುವ 15 ವರ್ಷಗಳ ಅಂಕೆಯು ಆ ಹಳೆಯ ನಿಯಮದಿಂದಲೇ ಬಂದಿತೆಂದು ಹೇಳಲು ಆಧಾರವಿಲ್ಲ. ಆದರೂ ಎರಡು ಕಾಲಗಳ ಎರಡು ಆಡಳಿತಗಳು ನಾಡಿಗತನವನ್ನು ಒಂದೇ ಅಳತೆಗೋಲಿನಿಂದ ಅಳೆದುದು ಗಮನಾರ್ಹವಾಗಿರುವುದು.

ಹಾಗಾದರೆ ಭಾತಂಬ್ರಾದ ಕನ್ನಡಿಗನಿಗೆ ಮುಲ್ಕಿತನದಿಂದ ಬಂದ ಲಾಭವೇನು? ಹೆಸರಿನಲ್ಲಿ ಅವನು ಪೂರ್ಣವಾಗಿ ಮುಲ್ಕಿಯೇ. ಆದರೆ ಸಂಸ್ಥಾನದ ಆಡಳಿತಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಶಿಕ್ಷಣವೂ ಉರ್ದುವಿನಲ್ಲಿ. ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಡಲು ಹೊರಟುದು ಆ ಕಾಲಕ್ಕೆ ದಿಟ್ಟವಾದ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಯಲ್ಲಿ ಕನ್ನಡವಾಡುವ ಒಕ್ಕಲಿನ ಮಗನಿಗೆ ಅದು ತನ್ನ ಭಾಷೆಯಾಗಿರಲಿಲ್ಲ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಆ ಭಾಗದಲ್ಲಿ ಪ್ರಸಿದ್ಧವಾಗಿರುವುದು. ಹೀಗೆ ಹಕ್ಕು ಒಬ್ಬನ ಕೈಯಲ್ಲಿದ್ದಿತು, ಹಕ್ಕನ್ನು ಬಳಸಲು ಬೇಕಾದ ಶಿಕ್ಷಣವು ಅವನಿಗೆ ದೂರವಾಗಿದ್ದಿತು. ಅರ್ಹತೆಯ ದಾರಿಯನ್ನು ತೆರೆಯದೆ ಅಧಿಕಾರದ ಬಾಗಿಲನ್ನು ಮಾತ್ರ ತೆರೆದರೆ ಒಳಗೆ ಹೋಗುವವರು ಮೊದಲೇ ಬಾಗಿಲ ಬಳಿ ನಿಂತಿದ್ದವರು ಮಾತ್ರ ಎಂಬ ಪಾಠವನ್ನು ಮುಲ್ಕಿ ನಿಯಮಗಳ ಕಾಲದ ಬೀದರವು ಕಲಿಸುವುದು.

ಎರಡನೆಯ ಪಾಠವು ಇನ್ನೂ ವಿಚಿತ್ರವಾದುದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು; 1956ರ ನವೆಂಬರ್ 1ರಂದು ಅದು ಭಾಷಾನುಸಾರವಾಗಿ ಹಂಚಿಹೋಯಿತು. ಬೀದರ ಜಿಲ್ಲೆಯೇ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದುಗಳು ಮೈಸೂರಿಗೆ ಬಂದುವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೆ ಹೋದುವು. ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ ಸೇರಿದುವು. ಕನ್ನಡಿಗರ ಬಹುದಿನಗಳ ಬಯಕೆಯು ಇದರಿಂದ ಕೈಗೂಡಿತು. ಅದರ ಹಿರಿಮೆಯನ್ನು ಕುಂದಿಸುವ ಉದ್ದೇಶವು ಇಲ್ಲಿ ಸ್ವಲ್ಪವೂ ಇಲ್ಲ. ಆದರೆ ಉದ್ಯೋಗದ ದೃಷ್ಟಿಯಿಂದ ನಡೆದುದೇನೆಂಬುದನ್ನೂ ಕಾಣಬೇಕು. ಭಾತಂಬ್ರಾದವನು ಒಂದು ರಾತ್ರಿ ಕಳೆಯುವಷ್ಟರಲ್ಲಿ 140 ಕಿಲೋಮೀಟರು ದೂರದ ನಗರದಲ್ಲಿ ಹೊರಗಿನವನಾದನು, 700 ಕಿಲೋಮೀಟರು ದೂರದ ನಗರದಲ್ಲಿ ಒಳಗಿನವನಾದನು. ಉದಗೀರದಲ್ಲಿರುವ ಅವನ ಬೀಗರು ಅವನಿಗೆ ಪರರಾಜ್ಯದವರಾದರು. ಅವನು ಮಾತ್ರ ಇದ್ದಲ್ಲಿಯೇ ಇದ್ದನು. ಅತ್ತ ಹೈದರಾಬಾದಿನ ಮುಲ್ಕಿ ನಿಯಮಗಳು ಆಂಧ್ರಪ್ರದೇಶದಲ್ಲಿ ದೊಡ್ಡ ಚಳವಳಿಗಳಿಗೆ ಕಾರಣವಾಗಿ, 1972ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಎತ್ತಿಹಿಡಿಯಲ್ಪಟ್ಟು, 1973ರಲ್ಲಿ ರದ್ದಾದುವು.

‘ಸ್ಥಳೀಯ’ ಎಂಬ ಶಬ್ದದ ನಿಜವಾದ ತೊಡಕು ಇಲ್ಲಿರುವುದು. ಸ್ಥಳವೆಂದರೆ ಕಾಲು ನಿಂತ ನೆಲ. ಸ್ಥಳೀಯನೆಂದರೆ ಆ ನೆಲಕ್ಕೆ ಸಂಬಂಧಪಟ್ಟವನು. ಮಸೂದೆಯಲ್ಲಿ ಈ ಶಬ್ದಕ್ಕೆ ರಾಜ್ಯದ ಗಡಿಯುಂಟು, ದೂರವಿಲ್ಲ. ಬೆಂಗಳೂರಿನ ಕಾರ್ಖಾನೆಗೆ ಅದರ ಗೋಡೆಯಾಚೆಯ ಬೀದಿಯ ತರುಣನೂ ಭಾತಂಬ್ರಾದ ತರುಣನೂ ಸಮಾನವಾಗಿ ಸ್ಥಳೀಯರು. ಕಾಯಿದೆಯ ಕಣ್ಣಿಗೆ ಇದು ಸಮತ್ವ. ಆದರೆ ಮೊದಲನೆಯವನು ಮನೆಯಲ್ಲಿ ಉಂಡು ಕೆಲಸಕ್ಕೆ ಹೋಗುವನು. ಎರಡನೆಯವನು ಮೊದಲ ಸಂಬಳವು ಬರುವ ಮುನ್ನವೇ ಕೋಣೆಯ ಬಾಡಿಗೆಗೆ, ಮುಂಗಡಕ್ಕೆ, ಊಟಕ್ಕೆ ಸಾಲ ಮಾಡುವನು. ನೂರಕ್ಕೆ 70 ಹುದ್ದೆಗಳನ್ನು ತುಂಬುವ ಹೊಣೆಯು ಸಂಸ್ಥೆಯ ಮೇಲೆ ಬಿದ್ದರೆ ಅದು ಹತ್ತಿರದವರನ್ನು ಬಿಟ್ಟು ದೂರದವರನ್ನು ಕರೆಯಲು ಕಾರಣವಿಲ್ಲ. ಭಾತಂಬ್ರಾದವನ ಹೆಸರಿನಲ್ಲಿ ಪಡೆದ ಅಂಕೆಯು ಹೀಗೆ ಭಾತಂಬ್ರಾಕ್ಕೆ ಹೋಗದೆಯೇ ತುಂಬಿಬಿಡುವುದು.

ಈ ವ್ಯಾಖ್ಯೆಯು 2024ರಲ್ಲಿ ಹೊಸದಾಗಿ ಹುಟ್ಟಿದುದಲ್ಲ. 1983ರಲ್ಲಿ ನೇಮಕವಾದ ಡಾ. ಸರೋಜಿನಿ ಮಹಿಷಿಯವರ ಸಮಿತಿಯು 1986ರಲ್ಲಿ 58 ಶಿಫಾರಸುಗಳುಳ್ಳ ವರದಿಯನ್ನೊಪ್ಪಿಸಿತು. 15 ವರ್ಷದ ವಾಸ, ಕನ್ನಡದ ಅರಿವು ಎಂಬ ಎರಡು ಕಂಬಗಳ ಮೇಲೆ ಕನ್ನಡಿಗನ ವ್ಯಾಖ್ಯೆಯು ನಿಂತುದು ಆ ವರದಿಯಿಂದ ಈಚೆಗೆ. 2016ರಲ್ಲಿ ಪ್ರಕಟವಾದ ಕರಡು ನಿಯಮಗಳಲ್ಲಿಯೂ ಅದೇ ಕಾಣುವುದು. ಮಹಿಷಿ ಸಮಿತಿಯ ಕಾಲದಲ್ಲಿ ಪ್ರಶ್ನೆಯು ಬಹುಮಟ್ಟಿಗೆ ಕೇಂದ್ರ ಸರಕಾರದ ದೊಡ್ಡ ಕಾರ್ಖಾನೆಗಳದಾಗಿದ್ದಿತು; ನೆಲವನ್ನು ಕೊಟ್ಟ ನಾಡಿನವರಿಗೆ ಅಲ್ಲಿ ಕೆಲಸವಿಲ್ಲವೆಂಬ ಕೊರಗು ನ್ಯಾಯವಾದುದೇ ಆಗಿದ್ದಿತು. ಆ ಕೊರಗಿಗೆ ತಕ್ಕಂತೆ ಆ ವ್ಯಾಖ್ಯೆಯು ಹೊರಗಿನವರಿಂದ ಒಳಗಿನವರನ್ನು ಬೇರೆಮಾಡುವುದಕ್ಕೆ ಸಾಕಾಗಿದ್ದಿತು. ಒಳಗಿನವರಲ್ಲಿಯೇ ಯಾರು ಹಿಂದುಳಿದಿರುವರೆಂದು ತೋರಿಸುವ ಶಕ್ತಿಯು ಅದಕ್ಕಿರಲಿಲ್ಲ. ಆ ಕೆಲಸವನ್ನು ಮಾಡಿದುದು 2002ರ ಡಾ. ನಂಜುಂಡಪ್ಪನವರ ಸಮಿತಿ. ಅದು ರಾಜ್ಯದ 114 ತಾಲೂಕುಗಳನ್ನು ಹಿಂದುಳಿದುವೆಂದೂ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದುವೆಂದೂ ಎಣಿಸಿತು. ಬೀದರ ಜಿಲ್ಲೆಯ ತಾಲೂಕುಗಳೂ ಆ ಪಟ್ಟಿಯಲ್ಲಿ ಸೇರಿದ್ದುವು. ಮಸೂದೆಯನ್ನು ಬರೆದವರ ಮೇಜಿನ ಮೇಲೆ ಮಹಿಷಿ ವರದಿಯ ಪಕ್ಕದಲ್ಲಿ ನಂಜುಂಡಪ್ಪನವರ ವರದಿಯೂ ಇದ್ದಿದ್ದರೆ ‘ಸ್ಥಳೀಯ’ ಎಂಬ ಶಬ್ದಕ್ಕೆ ತಾಲೂಕಿನ ತೂಕವೂ ಬರುತ್ತಿದ್ದಿತು.

ಈಗ ತರಬೇತಿನ ವಾಕ್ಯಕ್ಕೆ ಬರಬಹುದು. ಇಡಿಯ ಮಸೂದೆಯಲ್ಲಿ ಭಾತಂಬ್ರಾದವನಿಗೆ ನಿಜವಾಗಿ ಉಪಕಾರ ಮಾಡಬಲ್ಲ ವಾಕ್ಯವೊಂದಿದ್ದರೆ ಅದು ಇದೇ. ಅವಧಿಯೂ ವಿವೇಕದಿಂದ ಗೊತ್ತುಮಾಡಿದುದು. ಕೈಗಾರಿಕಾ ತರಬೇತು ಕೇಂದ್ರಗಳಲ್ಲಿ ಬೆಸುಗೆಯ ಕೆಲಸಕ್ಕೆ ಒಂದು ವರ್ಷ, ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ಕಸಬುಗಳಿಗೆ ಎರಡು ವರ್ಷ. ಅದರ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ಕೈಪಳಗಿದರೆ ಮೂರು ವರ್ಷಗಳಲ್ಲಿ ಹಳ್ಳಿಯ ಹುಡುಗನು ಪೂರ್ಣ ಕಸಬುದಾರನಾಗಬಲ್ಲನು. ಆದರೆ ವಾಕ್ಯವು ಹೇಳದೆ ಬಿಟ್ಟ ಸಂಗತಿಗಳನ್ನು ನೋಡಿದರೆ ಆಸೆಯು ಕುಗ್ಗುವುದು. ಎಷ್ಟು ಜನರಿಗೆ ತರಬೇತು ಕೊಡಬೇಕು, ಎಲ್ಲಿ ಕೊಡಬೇಕು, ವೆಚ್ಚವು ಯಾರದು, ಕಲಿಯುವ ಕಾಲದಲ್ಲಿ ಹೊಟ್ಟೆಗೆ ಗತಿಯೇನು, ಕಲಿತವನನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಕೆ ಎಂಬ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಅಲ್ಲಿ ಉತ್ತರವಿಲ್ಲ. ‘ಕ್ರಮಗಳನ್ನು ಕೈಕೊಳ್ಳುವುದು’ ಎಂಬ ಮಾತಿನಲ್ಲಿ ಏನನ್ನಾದರೂ ಸೇರಿಸಬಹುದು. ಪ್ರಕಟಣೆಯೊಂದನ್ನು ಹೊರಡಿಸಿದರೂ ಕ್ರಮವೇ. ಸಭೆಯೊಂದನ್ನು ಕೂಡಿಸಿದರೂ ಕ್ರಮವೇ. ಅಂಕೆಗಳ ವಿಷಯದಲ್ಲಿ ಅಷ್ಟು ಖಚಿತವಾದ ಲೇಖನಿಯು ತರಬೇತಿನ ವಿಷಯಕ್ಕೆ ಬರುತ್ತಲೇ ಸಡಿಲವಾದುದು ಈ ಬರಹದ ದೊಡ್ಡ ದೋಷ.

ಖಚಿತವಾಗಿ ಬರೆಯಲು ಮಾದರಿಯಿರಲಿಲ್ಲವೆಂದು ಹೇಳುವಂತಿಲ್ಲ. ಕುಶಲಕರ್ಮಿಗಳ ತರಬೇತು ಯೋಜನೆಯು ಭಾರತದಲ್ಲಿ 1950ರಿಂದ ನಡೆದುಬಂದಿರುವುದು. 1961ರ ಅಪ್ರೆಂಟಿಸ್ ಕಾಯಿದೆಯ ಕೆಳಗೆ, 2019ರಲ್ಲಿ ತಿದ್ದಿದ ನಿಯಮಗಳಂತೆ, 30 ಅಥವಾ ಹೆಚ್ಚು ಕೆಲಸಗಾರರುಳ್ಳ ಸಂಸ್ಥೆಯು ನೂರಕ್ಕೆ ಎರಡೂವರೆಯಿಂದ 15ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳತಕ್ಕದ್ದು. 2016ರ ಕೇಂದ್ರ ಯೋಜನೆಯು ಅವರ ವೇತನದಲ್ಲಿ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಗಳ ಮಿತಿಯೊಳಗೆ, ಸರಕಾರದ ಮೇಲೆ ಹೊರಿಸಿತು. ಆ ಕಾಯಿದೆಯ ಕೊರತೆಯೂ ಒಂದುಂಟು: ತರಬೇತು ಮುಗಿದವನಿಗೆ ಕೆಲಸ ಕೊಡಬೇಕೆಂಬ ಕಟ್ಟು ಅದರಲ್ಲಿ ಇರಲಿಲ್ಲ; 2014ರ ತಿದ್ದುಪಡಿಯು ನೇಮಕದ ನೀತಿಯನ್ನು ಮಾಲಿಕನೇ ರೂಪಿಸಿಕೊಳ್ಳಲೆಂದು ಬಿಟ್ಟಿತು. ಒಂದು ಕಾಯಿದೆಯಲ್ಲಿ ತರಬೇತುಂಟು, ಕೆಲಸವಿಲ್ಲ. ಇನ್ನೊಂದು ಮಸೂದೆಯಲ್ಲಿ ಕೆಲಸವುಂಟು, ತರಬೇತಿಲ್ಲ. ಎರಡನ್ನೂ ಕೂಡಿಸಿ ಹೊಲಿಯುವ ಅವಕಾಶವು ಮಸೂದೆಯ ಕರ್ತರಿಗೆ ಇದ್ದಿತು. ಅವರು ಅದನ್ನು ಬಳಸಿಕೊಳ್ಳಲಿಲ್ಲ.

ಸಂವಿಧಾನದ 371ಜೆ ವಿಧಿಯನ್ನೂ ಇಲ್ಲಿ ನೆನೆಯಬೇಕು. 2012ರ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯು, 2019ರಿಂದ ಕಲ್ಯಾಣ ಕರ್ನಾಟಕವೆಂದು ಹೆಸರಾದ ಪ್ರದೇಶದವರಿಗೆ ಅಲ್ಲಿಯ ವಿದ್ಯಾಸಂಸ್ಥೆಗಳಲ್ಲಿಯೂ ವೃತ್ತಿತರಬೇತಿನ ಸಂಸ್ಥೆಗಳಲ್ಲಿಯೂ ಸ್ಥಾನಗಳನ್ನೂ, ಸರಕಾರದ ಹುದ್ದೆಗಳಲ್ಲಿ ಪಾಲನ್ನೂ ಕಾದಿರಿಸಲು ಅಧಿಕಾರವನ್ನು ಕೊಟ್ಟಿತು. ಅದರಂತೆ ಪ್ರದೇಶದೊಳಗಿನ ಸರಕಾರೀ ಹುದ್ದೆಗಳಲ್ಲಿ ದರ್ಜೆಗನುಸಾರವಾಗಿ ನೂರಕ್ಕೆ 75ರಿಂದ 85ರವರೆಗೆ ಗೊತ್ತಾದುವು. ಭಾತಂಬ್ರಾದ ದೃಷ್ಟಿಯಿಂದ ಇದು ‘ಸ್ಥಳೀಯ’ ಶಬ್ದದ ಹೆಚ್ಚು ಸರಿಯಾದ ಪ್ರಯೋಗ; ಇಲ್ಲಿ ಸ್ಥಳವೆಂದರೆ ಕಾಲ್ನೆಲಕ್ಕೆ ಹತ್ತಿರವಾದುದು, ತರಬೇತೂ ಹುದ್ದೆಯೂ ಒಂದೇ ವಿಧಿಯಲ್ಲಿ ಜೊತೆಯಾಗಿರುವುವು. ಆದರೆ ಅದರ ಕೈ ಸರಕಾರದ ಕಚೇರಿಯ ಹೊಸ್ತಿಲಲ್ಲಿ ನಿಲ್ಲುವುದು. ಖಾಸಗಿ ಉದ್ಯಮವನ್ನು ಮುಟ್ಟಲಾರದು. 2024ರ ಮಸೂದೆಯು ಖಾಸಗಿ ಉದ್ಯಮವನ್ನು ಮುಟ್ಟಹೊರಟಿತು. ಆದರೆ 371ಜೆ ಕಲಿಸಿದ ಪ್ರಾದೇಶಿಕ ವಿವೇಕವನ್ನು ಮರೆತಿತು.

ದಂಡದ ಮೊತ್ತವೂ ವಿಚಾರಣೀಯವಾಗಿರುವುದು. 2023ರ ಡಿಸೆಂಬರಿನಲ್ಲಿ ನೋಂದಣಿಯು ಆರಂಭವಾದ ಯುವನಿಧಿ ಯೋಜನೆಯು ಕೆಲಸವಿಲ್ಲದ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವನಿಗೆ 1,500 ರೂಪಾಯಿಗಳಂತೆ ಎರಡು ವರ್ಷಗಳವರೆಗೆ ಕೊಡಲು ಹೊರಟಿತು. ಅಂದರೆ ಕೆಲಸವು ದೊರೆಯದ ಒಬ್ಬ ಪದವೀಧರನಿಗಾಗಿ ಬೊಕ್ಕಸವು 72,000 ರೂಪಾಯಿಗಳನ್ನು ವೆಚ್ಚ ಮಾಡಲು ಸಿದ್ಧವಾಗಿದ್ದಿತು. ಕೆಲಸ ಕೊಡದ ಸಂಸ್ಥೆಗೆ ಮಸೂದೆಯು ವಿಧಿಸಿದ ಮೊದಲ ದಂಡವು ಹೆಚ್ಚೆಂದರೆ 25,000. ತಪ್ಪು ಮುಂದುವರಿದರೆ ದಿನಕ್ಕೆ 100. ದೊಡ್ಡ ಸಂಸ್ಥೆಯೊಂದಕ್ಕೆ ಇದು ದಂಡವೆನಿಸುವುದಕ್ಕಿಂತ ರಹದಾರಿಯ ಸುಂಕವೆನಿಸುವುದೇ ಹೆಚ್ಚು. ಆ ಹಣವು ತರಬೇತಿಗೆ ಸಲ್ಲುವಂತೆ, ಕೊರತೆಯಾದ ಹುದ್ದೆಗಳ ಲೆಕ್ಕದಲ್ಲಿ ವಸೂಲಾಗುವಂತೆ ಬರೆದಿದ್ದರೆ ದಂಡವೇ ಬಂಡವಾಳವಾಗಬಹುದಾಗಿದ್ದಿತು.

ಮಸೂದೆಯ ವಿರೋಧಿಗಳ ವಾದವನ್ನೂ ನ್ಯಾಯವಾಗಿ ನೋಡತಕ್ಕದ್ದು. ಕುಶಲರಾದ ಜನರು ದೊರೆಯದಿದ್ದರೆ ಉದ್ಯಮಗಳು ಬೇರೆಡೆಗೆ ಹೋಗುವುವೆಂದು ಅವರು ಹೇಳಿದರು. ಕಾಯಿದೆಯ ತೊಡಕೂ ಸಣ್ಣದಲ್ಲ. ಹರಿಯಾಣವು ತಿಂಗಳಿಗೆ 30,000 ರೂಪಾಯಿಗಳೊಳಗಿನ ಖಾಸಗಿ ಹುದ್ದೆಗಳಲ್ಲಿ ನೂರಕ್ಕೆ 75ನ್ನು ಸ್ಥಳೀಯರಿಗೆಂದು ಮಾಡಿದ್ದ ಕಾಯಿದೆಯನ್ನು ಪಂಜಾಬು ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು 2023ರ ನವೆಂಬರ್ 17ರಂದು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಈ ತೀರ್ಪು ಬಂದು ಎಂಟು ತಿಂಗಳ ಮೇಲೆ ಅಂಥದೇ ಅಡಿಪಾಯದ ಮೇಲೆ ಮಸೂದೆಯನ್ನು ಕಟ್ಟಿದುದು ಸಾಹಸವೆನಿಸೀತು. ಆದರೆ ವಿರೋಧಿಗಳ ವಾದದಲ್ಲಿಯೂ ಒಂದು ಬಿರುಕು ಇರುವುದು. ಸ್ಥಳೀಯರಲ್ಲಿ ಕೌಶಲ ಸಾಲದೆಂಬುದು ನಿಜವಾಗಿದ್ದರೆ, ಆ ಕೌಶಲವನ್ನು ಬೆಳೆಯಿಸುವ ಹೊಣೆಯಲ್ಲಿ ತಮ್ಮ ಪಾಲೆಷ್ಟು ಎಂಬ ಪ್ರಶ್ನೆಯನ್ನು ಅವರು ತಮಗೇ ಹಾಕಿಕೊಳ್ಳಬೇಕಾಗಿದ್ದಿತು. ಮಸೂದೆಯ ಪಕ್ಷದವರು ಅಂಕೆಯನ್ನು ಹಿಡಿದರು, ವಿರೋಧಿಗಳು ಅರ್ಹತೆಯನ್ನು ಹಿಡಿದರು; ಅಂಕೆಗೂ ಅರ್ಹತೆಗೂ ನಡುವಣ ಸೇತುವೆಯಾದ ತರಬೇತನ್ನು ಇಬ್ಬರೂ ಬಿಟ್ಟರು.

ಭಾಷೆಯ ಪರೀಕ್ಷೆಯ ವಿಷಯದಲ್ಲಿ ಒಂದು ಮಾತು. ಕನ್ನಡನಾಡಿನ ಕಾರ್ಖಾನೆಯಲ್ಲಿ ಕನ್ನಡಕ್ಕೆ ಬೆಲೆಯಿರಬೇಕೆಂಬುದು ಒಪ್ಪತಕ್ಕ ತತ್ತ್ವ. ಆದರೆ ಭಾಲ್ಕಿ ಔರಾದಗಳಲ್ಲಿ ತಲೆತಲಾಂತರದಿಂದ ನೆಲೆಸಿರುವ ಮರಾಠಿ ಮನೆಗಳೂ ಉರ್ದು ಮನೆಗಳೂ ಬೇಕಾದಷ್ಟಿರುವುವು. ಅಂಥ ಮನೆಯ ಮಗಳು ಕನ್ನಡವನ್ನು ಸರಾಗವಾಗಿ ಆಡಬಲ್ಲಳು, ಬರೆಯುವುದರಲ್ಲಿ ತಡವರಿಸಬಹುದು. ಅವಳಿಗೆ ಕನ್ನಡವನ್ನು ಕಲಿಸುವುದು ತರಬೇತಿನ ಒಂದು ಅಂಗವಾದರೆ ಅದು ನಾಡಿನ ಕಡೆಗೆ ಸೆಳೆಯುವ ಕೈಯಾಗುವುದು. ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷಿಸುವುದಾದರೆ ತಳ್ಳುವ ಕೈಯಾಗುವುದು. ಉರ್ದು ಬಾರದ ಕನ್ನಡಿಗನನ್ನು ಒಂದು ಕಾಲದಲ್ಲಿ ಅದೇ ಸೀಮೆಯಲ್ಲಿ ಹೇಗೆ ಹೊರಗೆ ನಿಲ್ಲಿಸಲಾಗಿದ್ದಿತೆಂಬುದನ್ನು ಬಲ್ಲವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ತರಬೇತೂ ಬದುಕೂ ಒಂದಾಗಿ ನಡೆದ ಪರಂಪರೆಯು ಆ ಜಿಲ್ಲೆಯಲ್ಲಿಯೇ ಇರುವುದು. ಬೀದರದ ಬಿದ್ರಿ ಕೆಲಸವು ಸತುವು ತಾಮ್ರಗಳ ಎರಕ, ಬೆಳ್ಳಿಯ ಕೂರಿಸುವಿಕೆ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವಿಕೆ ಎಂಬ ಹಂತಗಳಲ್ಲಿ ಗುರುವಿನ ಪಕ್ಕದಲ್ಲಿ ಕುಳಿತೇ ಕಲಿಯುವ ವಿದ್ಯೆ. ಅದಕ್ಕೆ ಭೌಗೋಳಿಕ ಗುರುತಿನ ರಕ್ಷೆ ದೊರೆತಿರುವುದು; 2023ರಲ್ಲಿ ಬೀದರದ ಕಲಾವಿದ ಶಾಹ ರಶೀದ ಅಹಮದ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿಯೂ ಬಂದಿತು. ಆ ಕಸಬು ಎಲ್ಲರಿಗೂ ಅನ್ನವನ್ನು ಕೊಡಲಾರದು. ಆದರೆ ಕಲಿಸುವವನು, ಕಲಿಯುವವನು, ಕೆಲಸ ಮೂರೂ ಒಂದೇ ಸ್ಥಳದಲ್ಲಿದ್ದರೆ ವಿದ್ಯೆಯು ನೂರಾರು ವರ್ಷ ಬಾಳುವುದೆಂಬುದಕ್ಕೆ ಅದು ಸಾಕ್ಷಿ.

ಮಸೂದೆಯು ಮತ್ತೊಮ್ಮೆ ಬರೆಯಲ್ಪಡುವುದಾದರೆ ಅದರ ಕ್ರಮವನ್ನು ತಲೆಕೆಳಗುಮಾಡಬೇಕಾಗುವುದು. ಕೊನೆಯಲ್ಲಿ ವಿನಾಯಿತಿಯ ಸೋಪಾನದಂತೆ ಬಂದ ತರಬೇತಿನ ವಾಕ್ಯವು ಮೊದಲ ಪ್ರಕರಣವಾಗಬೇಕು. ಹಿಂದುಳಿದ ತಾಲೂಕುಗಳ ಹೆಸರು ಅದರಲ್ಲಿ ಬರಬೇಕು. ಕಲಿತವನಿಗೆ ಕೆಲಸವೆಂಬ ಕಟ್ಟು ಅಲ್ಲಿಯೇ ಇರಬೇಕು. ನೂರಕ್ಕೆ ಇಷ್ಟೆಂಬ ಅಂಕೆಯು ಆಮೇಲೆ ಬಂದರೆ ಸಾಕು. ದತ್ತಿಯನ್ನು ಬರೆಯಿಸಿದ ಅರಸರು ಸೀಮೆಯನ್ನು ಹೇಳುವಾಗ ಹಳ್ಳ, ಗುಡ್ಡ, ಮರಗಳ ಹೆಸರನ್ನು ಬಿಡದೆ ಹೇಳಿಸುತ್ತಿದ್ದರು, ಏಕೆಂದರೆ ಹೆಸರಿಲ್ಲದ ಸೀಮೆಯು ವಿವಾದಕ್ಕೆ ಬೀಜವೆಂಬುದನ್ನು ಅವರು ಬಲ್ಲವರಾಗಿದ್ದರು. ಭಾತಂಬ್ರಾದಂಥ ಊರುಗಳ ಹೆಸರು ಬಾರದ ‘ಸ್ಥಳೀಯ’ ಶಬ್ದವೂ ಅಂಥ ಸೀಮೆಯಿಲ್ಲದ ದತ್ತಿಯೇ ಸರಿ. ಕೊಟ್ಟವರಿಗೆ ಪುಣ್ಯದ ಹೆಸರು ಬರಬಹುದು, ಪಡೆಯಬೇಕಾದವನು ಮಾತ್ರ ಎಂದಿನಂತೆ ಹೈದರಾಬಾದಿನ ದಾರಿಯನ್ನು ಹಿಡಿಯುವನು.